ಹಣಿಕಿ ನೋಡಿದ್ರ ಕೊಡ ಬರ್ತೈತೇನು?

ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳಿ ಹದಿನೈದು ದಿನದಿಂದ ನಮ್ಮ ಊಟದ ಟೇಬಲ್ ಮ್ಯಾಲ ಬಿದ್ದೈತಿ. ಅದನ್ನ ಸರಿಸಿ ತಾಟು ಇಡ್ತೀನಿ, ಉಂಡು ಎದ್ದು ಮತ್ತ ಅದನ್ನ ಅಲ್ಲೇ ಇಡ್ತೀನಿ. ಹರದು ಒಗಿಯೂಣು ಅಂದ್ರ ಪ್ಲಾಸ್ಟಿಕ್ ಹರಿಯಂಗಿಲ್ಲ. ಅದು ಹೈದರಾಬಾದಿನ ನಾಚಾರಂದಾಗ ನಾವಿರೋ ಕಟ್ಟಡದ ಮೆಟ್ಟಲಾ ಕಸಾ ಹೊಡಿಯೋ ಯಲ್ಲವ್ವಂದು. ಆಕೀ ಮೊಮ್ಮಗಳಿಗೆ ಒಂದನೇ ಇಯತ್ತೆಗೆ ಸೀಟು ಬೇಕಾಗಿತ್ತು, ಅರ್ಜಿ ಕೊಡಾಕ ಶನಿವಾರ ಕಡೀ ದಿನ ಇತ್ತು, 'ಈ ಹಾಳಿ ಏನರ ಕೆಲಸಕ್ಕ ಬರ್ತೈತೇನ್ರಿ ಅಕ್ಕಾರ' ಅಂತ ತಂದು ಕೊಟ್ಟಿದ್ದಳು. ಅದರಾಗ ಇರೋದು ಇಂಗ್ಲಿಷಿನ್ಯಾಗ ಎರಡೇ ಸಾಲು. ಆ ಎರಡು ಸಾಲು ನನ್ನ ಬಾಯಿ ಹೆಂಗ ಮುಚ್ಚಿಸಿದ್ವು ಅಂತ ಹೇಳ್ತೀನಿ. ನನ್ನ ಬಾಯಿ ಸುಮ್ಮಸುಮ್ಮನ ಮುಚ್ಚೋದಲ್ಲ, ಗೊತ್ತಿದ್ದವರನ್ನ ಕೇಳ್ರಿ.

ಶುರು ಆದದ್ದು ಮೆಟ್ಟಲಾ ರೇಲಿಂಗಿನಿಂದ. ನಮ್ಮದು ಎರಡನೇ ಅಂತಸ್ತು. ಅಲ್ಲಿ ತಿರುವಿನ್ಯಾಗ ರೇಲಿಂಗ್ ಸಡ್ಲಾಗಿ ಬೀಳೋ ಹಲ್ಲಿನಂಗ ಅಳಗ್ಯಾಡ್ತಿತ್ತು. ಕಟ್ಟಡದ ವಾಟ್ಸ್ಯಾಪ್ ಗುಂಪಿನ್ಯಾಗ ಫೋಟೋ ಸಹಿತ ಹಾಕಿದೆ. ಸೆಕ್ರೆಟರಿ ಗಾರು ಎರಡೇ ನಿಮಿಷದಾಗ ಉತ್ತರ ಕೊಟ್ರು: 'ನೋಟೆಡ್ ಮೇಡಂ, ವಿಲ್ ಲುಕ್ ಇಂಟು ಇಟ್.' ಮ್ಯಾಲೊಂದು ಕೈ ಮುಗಿಯೋ ಚಿತ್ರ. ಎಂಟು ದಿನ ಬಿಟ್ಟು ಮತ್ತ ಹಾಕಿದೆ. 'ಲುಕಿಂಗ್ ಇಂಟು ಇಟ್ ಮೇಡಂ.' ಈ ಸಲ ಕೈ ಮುಗಿಯೋ ಚಿತ್ರ ಎರಡು. ತಿಂಗಳಾದ ಮ್ಯಾಲ 'ಡೆಫಿನೆಟ್ಲಿ ಲುಕಿಂಗ್ ಇಂಟು ಇಟ್'. ಚಿತ್ರ ಮೂರಾದ್ವು. ರೇಲಿಂಗ್ ಮಾತ್ರ ಇದ್ದಲ್ಲೇ ಇತ್ತು. ಅಯ್ಯೋ ಮಾರಾಯಾ, ನಿನ್ನ ಕಣ್ಣೇನು ಪರದೇಶಕ್ಕ ಹೋಗ್ಯಾವೇನು? ದಿನಾ ಅದನ್ನೇ ಹಿಡಕೊಂಡು ಮ್ಯಾಲ ಏರ್ತಿ, ಅದನ್ನೇ ಹಿಡಕೊಂಡು ಕೆಳಗ ಇಳೀತಿ!

ಇದೊಂದು ಮಾತು ನನ್ನ ಮೈಮ್ಯಾಲ ಕೆಂಡ ಸುರವಿದಂಗ ಮಾಡ್ತೈತಿ. ಬ್ಯಾಂಕಿನ್ಯಾಗ ಲುಕ್ ಇಂಟು, ದವಾಖಾನ್ಯಾಗ ಲುಕ್ ಇಂಟು, ಗ್ಯಾಸಿನವನಿಗೆ ಫೋನ್ ಹಚ್ಚಿದ್ರ ಅಲ್ಲಿ ರೆಕಾರ್ಡ್ ಮಾಡಿದ ಹೆಣ್ಣುಮಗಳೂ ಲುಕ್ ಇಂಟು. ಊರಿಗೆ ಊರೇ ನೋಡಾಕತ್ತೈತಿ, ಯಾರಿಗೂ ಏನೂ ಕಾಣವಲ್ದು. ನಮ್ಮ ಪ್ಲಂಬರ್ 'ದೇಖೇಂಗೆ ಅಮ್ಮಾ' ಅಂತಾನ, ಕರೆಂಟಿನವ 'ಚೂದ್ದಾಂ ಅಮ್ಮಾ' ಅಂತಾನ, ನಮ್ಮ ಮನಿಯವರು ಪೇಪರಿನ ಹಿಂದಿಂದ 'ನೋಡೂಣಂತ ತಡಿ' ಅಂತಾರ. ಇವು ಮೂರೂ ಪ್ರಾಮಾಣಿಕ ಮಾತು. ಆಗಂಗಿಲ್ಲ ಅಂತ ಅಂದವರಿಗೂ ಗೊತ್ತಿರ್ತೈತಿ, ಕೇಳಿದವರಿಗೂ ಗೊತ್ತಿರ್ತೈತಿ. ಮೂವತ್ತೈದು ವರ್ಷ ಹೈದರಾಬಾದಿನ ನೀರು ಕುಡದೀನಿ, ಇಲ್ಲಿ 'ದೇಖೇಂಗೆ' ನಂಬಿ ಕೆಟ್ಟವರನ್ನ ಒಬ್ಬರನ್ನೂ ಕಂಡಿಲ್ಲ. ಆದ್ರ ಆ ಇಂಗ್ಲಿಷಿಂದು ಇಸ್ತ್ರಿ ಅಂಗಿ ಹಾಕ್ಕೊಂಡು ಬಂದು ನಿಂದ್ರತೈತಿ. ಅದನ್ನ ನಂಬ್ತಾರ ನೋಡ್ರಿ ಮಂದಿ.

ಆ ಮಾತನ್ನ ನಾ ಮೊದಲು ಕಲ್ತದ್ದು ತಾಳಿಕೋಟಿ ಹೆಣ್ಣುಮಕ್ಕಳ ಸಾಲ್ಯಾಗ. ನಮ್ಮ ಇಂಗ್ಲಿಷ್ ಮಾಸ್ತರು ಇಂಥವನ್ನೆಲ್ಲಾ ಮಗ್ಗಿ ಹೇಳಿಸಿದಂಗ ಹೇಳಿಸ್ತಿದ್ರು. ಲುಕ್ ಆಫ್ಟರ್ ಅಂದ್ರ ಜ್ವಾಪಾನ ಮಾಡು, ಲುಕ್ ಫಾರ್ ಅಂದ್ರ ಹುಡುಕು, ಲುಕ್ ಡೌನ್ ಆನ್ ಅಂದ್ರ ಕೀಳಾಗಿ ಕಾಣು, ಲುಕ್ ಇಂಟು ಅಂದ್ರ ಆಳಕ್ಕ ಇಳದು ತಪಾಸ ಮಾಡು. ನಲವತ್ತು ಹುಡುಗ್ಯಾರು ಒಂದೇ ರಾಗದಾಗ 'ಆಳಕ್ಕ ಇಳದು ತಪಾಸ ಮಾಡು' ಅಂತ ಒದರಿದ್ರ ಹೊರಗ ಹಾದೀಲೆ ಹೋಗೋ ಟಾಂಗಾದ ಕುದುರಿ ಕಿವಿ ನಿಮಿರಿಸ್ತಿತ್ತು. ನಾ ಎದ್ದು ನಿಂತು ಕೇಳಿದೆ, 'ಸರ್, ಬಾವ್ಯಾಗ ಹಣಿಕಿ ಹಾಕಿ ನೋಡೋದೂ ಲುಕ್ ಇಂಟು ಅಲ್ರಿ?' ಮಾಸ್ತರು ಕನ್ನಡಕ ತಗದು, 'ಗಂಗಾ, ನಿನ್ನ ತಲ್ಯಾಗ ಬರೇ ನೀರೇ ಅದಾವ, ಕುಂದರು' ಅಂದ್ರು. ಅವರ ಮಾತು ಸುಳ್ಳಲ್ಲ. ಹಿಂದಿನ ದಿನಾನೇ ನಾ ಹಿತ್ತಲಾ ಬಾವ್ಯಾಗ ಕೊಡ ಕೆಡವಿದ್ದೆ.

ಹೊಸಾ ತಾಮ್ರದ ಕೊಡರಿ ಅದು. ಹಗ್ಗದ ಕುಣಿಕಿ ಸಡ್ಲಿಟ್ಟಿದ್ದೆ, ಗುಡುಂ ಅಂತು. ಸುದ್ದಿ ಹತ್ತಿ ಓಣಿ ಮಂದಿ ಎಲ್ಲಾ ಬಂದು ಬಾವಿ ಸುತ್ತ ನಿಂತ್ರು. ಒಬ್ಬೊಬ್ರೇ ಬಗ್ಗಿ ಹಣಿಕಿ ಹಾಕೋದು, 'ಹಾಂ, ಕಾಣ್ತೈತಿ ಕಾಣ್ತೈತಿ' ಅನ್ನೋದು, ಇನ್ನೊಬ್ರು 'ಅದು ಕೊಡ ಅಲ್ಲೋ, ನಿನ್ನ ತಲೀ ನೆರಳು' ಅನ್ನೋದು. ಅರ್ಧಾ ತಾಸು ನೋಡಿ ನೋಡಿ, ಕೊಡ ಎಷ್ಟು ತೂಕಿತ್ತು, ಯಾವ ಊರಾಗ ತಂದದ್ದು ಅಂತ ಕೇಳಿ ತಿಳಕೊಂಡು ಮನೀಗೆ ಹೋದ್ರು. ನಮ್ಮ ಆಯಿ ಬಾಗಿಲದಾಗ ಕುಂತು ಅವರೆಲ್ಲಾ ಹೋಗೂತನಕ ತಡದು, ಆಮ್ಯಾಲ ಅಂದಳು: 'ಹಣಿಕಿ ನೋಡಿದ್ರ ಕೊಡ ಬರ್ತೈತೇನು? ಹೋಗು, ಗೌಡ್ರ ಮನಿಯಿಂದ ಪಾತಾಳಗರಡಿ ತಗೊಂಡು ಬಾ.'

ಪಾತಾಳಗರಡಿ ಅಂದ್ರ ಕಬ್ಬಿಣದ ಬಳಿಗೆ ಸುತ್ತಲೂ ಕೊಂಡಿ ಜೋಲಿ ಬಿಟ್ಟಿದ್ದು. ಹಗ್ಗಕ್ಕ ಕಟ್ಟಿ ಬಾವ್ಯಾಗ ಇಳಿಸಿ ತಡಕ್ಯಾಡಿದ್ರ ಬಿದ್ದ ಸಾಮಾನು ಅದಕ್ಕ ಸಿಕ್ಕು ಮ್ಯಾಲ ಬರ್ತೈತಿ. ಓಣಿಗೆಲ್ಲಾ ಅದೊಂದೇ. ತರಾಕ ಹೋದವರು ಅದು ವಾಪಸ್ ಬರೂತನಕ ಗೌಡ್ರ ಮನ್ಯಾಗ ತಮ್ಮದೊಂದು ಚರಗಿ ಇಟ್ಟು ಬರಬೇಕು, ಅದು ರಿವಾಜು. ನಾ ಚರಗಿ ಇಟ್ಟೆ, ಗರಡಿ ತಂದೆ, ಆಯಿ ಇಳಿಬಿಟ್ಟಳು. ಮೊದಲ ಸಲ ಬಂದದ್ದು ಯಾರದೋ ಹಳೀ ತಂಬಿಗಿ, ಎರಡನೇ ಸಲ ಒಂದು ಮುರದ ಛತ್ರಿ, ಆರನೇ ಸಲಕ್ಕ ನಮ್ಮ ಕೊಡ. ಆಯಿ ಅಂಗೈ ಕೆಂಪಗ ಆಗಿದ್ವು. ಆಳಕ್ಕ ಇಳದು ತಪಾಸ ಮಾಡೋದು ಅಂದ್ರ ಅದು. ಆಯಿಗೆ ಇಂಗ್ಲಿಷಿನ ಒಂದಕ್ಷರ ಬರ್ತಿರಲಿಲ್ಲ.

ಇಷ್ಟೆಲ್ಲಾ ಶಾಣ್ಯಾತನ ಮಾಸ್ತರ ಕಡಿಂದ ಮತ್ತು ಆಯಿ ಕಡಿಂದ ಕಲ್ತ ನಾನು ಮುಂದ ಏನು ಮಾಡಿದೆ ಕೇಳ್ರಿ. ಶಾರ್ಟ್‌ಹ್ಯಾಂಡ್ ಪಾಸಾಗಿ ಹೈದರಾಬಾದಿಗೆ ಬಂದು ಒಂದು ಕೇಂದ್ರ ಸರಕಾರದ ಕಾರ್ಖಾನಿಯೊಳಗ ಸ್ಟೆನೋ ಆದೆ. ನಮ್ಮ ಸಾಹೇಬ್ರ ಟೇಬಲ್ಲಿಗೆ ಅರ್ಜಿ ಅಂಬೋವು ಮಳಿಗಾಲದ ಇರುವಿನಂಗ ಬರ್ತಿದ್ವು. ಕ್ವಾರ್ಟರ್ಸ್ ಸೋರ್ತೈತಿ, ಪಾಳಿ ಬದ್ಲಿ ಮಾಡ್ರಿ, ಕ್ಯಾಂಟೀನಿನ ಸಾಂಬಾರದಾಗ ಬ್ಯಾಳಿ ಇಲ್ಲ. ಮೊದಮೊದಲು ಸಾಹೇಬ್ರು ಒಂದೊಂದಕ್ಕೂ ಉತ್ತರ ಬರೆಸ್ತಿದ್ರು. ಎಲ್ಲಾದರದ್ದೂ ಕಡೀ ಸಾಲು ಒಂದೇ: 'ದಿ ಮ್ಯಾಟರ್ ಈಸ್ ಬೀಯಿಂಗ್ ಲುಕ್ಡ್ ಇಂಟು.' ಈ ಸಾಲಿನ ಮಜಾ ನೋಡ್ರಿ. ಯಾರು ನೋಡಾಕತ್ತಾರ ಅಂತ ಹೇಳಂಗಿಲ್ಲ, ಎಲ್ಲೀತನಕ ನೋಡ್ತಾರ ಅಂತ ಹೇಳಂಗಿಲ್ಲ, ನೋಡಿ ಏನು ಮಾಡ್ತಾರ ಅಂತ ಅಂತೂ ಕೇಳಲೇಬ್ಯಾಡ್ರಿ. ಆಮ್ಯಾಲ ಸಾಹೇಬ್ರಿಗೆ ಅದನ್ನೂ ಹೇಳಾಕ ಬ್ಯಾಸರ ಬಂತು. 'ಗಂಗಾಬಾಯಿ, ಇಂಥಾವಕ್ಕೆಲ್ಲಾ ನೀವೇ ಅದನ್ನ ಹಾಕಿಬಿಡ್ರಿ, ನಾ ಸಹಿ ಮಾಡ್ತೀನಿ' ಅಂದ್ರು.

ಆಗಷ್ಟೇ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿತ್ತು. ನಾ ಒಂದು ಉಪಾಯ ತಗದೆ. ಎರಡು ಸಾಲಿನ ಒಂದೇ ಪತ್ರ ಮಾಡಿ ಇಟಗೊಂಡೆ: 'ನಿಮ್ಮ ಅರ್ಜಿ ಮುಟ್ಟಿದೆ, ವಿಷಯವನ್ನು ಲುಕ್ ಇಂಟು ಮಾಡಲಾಗುತ್ತಿದೆ' ಅನ್ನೋ ಅರ್ಥದ್ದು. ಅರ್ಜಿದಾರರ ಹೆಸರು ಹಾಕಿದ್ರ ಪ್ರತೀ ಸಲ ಬದ್ಲಿ ಮಾಡಬೇಕು, ವಿಷಯ ಹಾಕಿದ್ರ ಅರ್ಜಿ ಓದಬೇಕು. ಎರಡೂ ತಗದು ಹಾಕಿದೆ. ಹೆಸರು ಬರೇ ಲಕೋಟಿ ಮ್ಯಾಲ. ತಾರೀಖು ಒಂದು ಬದಲಿಸಿದ್ರ ದಿನಕ್ಕ ನಲವತ್ತು ಪತ್ರ ಹೊಂಡ್ತಿದ್ವು. ಸಾಹೇಬ್ರು 'ಶಾಬಾಸ್' ಅಂದ್ರು, ಬ್ಯಾರೇ ಸೆಕ್ಷನ್ನಿನವರು ಬಂದು ನಕಲು ತಗೊಂಡು ಹೋದ್ರು. ನಾ ಒಂದು ವಾರ ನೆಲದಿಂದ ಒಂದು ಗೇಣು ಮ್ಯಾಲೇ ನಡದೆ. ಯಾರರ ಬಂದು 'ಏನಾತ್ರಿ ಮೇಡಂ ನಮ್ಮದು?' ಅಂದ್ರ, ತಲೀ ಸುದ್ದಾ ಎತ್ತಲಾರದ, 'ಪತ್ರ ಬಂದಿಲ್ಲೇನು? ಓದಿಕೊಳ್ರಿ' ಅಂತಿದ್ದೆ.

ಅಂಥಾಕಿ ರಿಟೈರ್ ಆಗಿ, ಈಗ ಒಂದು ರೇಲಿಂಗಿನ ಸಲುವಾಗಿ ಸೆಕ್ರೆಟರಿ ಗಾರುಗೆ ಶಾಪಾ ಹಾಕ್ಕೋತ ಕುಂತಿದ್ದೆ. ತನ್ನ ಎಲಿಯಾಗ ಹೆಗ್ಗಣ ಬಿದ್ದಿದ್ರೂ ಮಂದಿ ಎಲಿಯಾಗಿನ ನೊಣ ಕಾಣ್ತೈತಿ ಅಂತಾರಲ್ಲ, ಆ ಪೈಕಿ.

ಆ ದಿನ ಮುಂಜಾನೆ ಫೋನ್ ಕೈಯಾಗ ಹಿಡಕೊಂಡು, ಇವತ್ತು ಅವರ ಬಾಗಲಾ ಬಡದೇ ಬಡೀತೀನಿ ಅಂತ ಮೆಟ್ಟಲಾ ಇಳ್ಯಾಕತ್ತಿದ್ದೆ. ತಿರುವಿನ್ಯಾಗ ಯಲ್ಲವ್ವ ಕಸಬರಿಗಿ ಬಾಜೂಕ ಇಟ್ಟು, ಎಲ್ಲಿಂದೋ ತಂದ ತಂತಿಲೆ ರೇಲಿಂಗ್ ಬಿಗಿದು ಕಟ್ಟಾಕತ್ತಿದ್ದಳು. ಯಲ್ಲವ್ವ ರಾಯಚೂರ ಕಡಿಯಾಕಿ. ಆಕಿ ಮೂರು ವರ್ಷದಿಂದ ನಮ್ಮ ಕಟ್ಟಡಕ್ಕ ಬರ್ತಾಳ.

'ನಿನಗ್ಯಾರು ಹೇಳಿದ್ರು ಕಟ್ಟಂತ?' ಅಂದೆ.

'ಯಾರು ಹೇಳಬೇಕ್ರಿ? ನಿನ್ನೆ ನನ್ನ ಕೈಗೇ ಬಂದಿತ್ತು. ಬೀಳ್ತಿದ್ದೆ.' ಹಲ್ಲಿಲೆ ತಂತಿ ಎಳದು ಬಿಗದಳು. 'ನೀವ್ಯಾಕ ಹಿಂಗ ಉರೀಲಾಕತ್ತೀರಿ ಅಕ್ಕಾರ?'

'ಈ ಸೆಕ್ರೆಟರಿ ನೋಡು, ತಿಂಗಳಾತು, ನೋಡ್ತೀವಿ ನೋಡ್ತೀವಿ ಅಂತ ಇಂಗ್ಲಿಷಿನ್ಯಾಗ ಬರದು ಕಳಸ್ತಾನ.'

'ಬರದು ಕೊಟ್ಟಾರೇನ್ರಿ?' ಆಕೀ ಮಾರಿ ಅರಳಿತು. 'ಹಂಗಾದ್ರ ಗಟ್ಟಿ ಬಿಡ್ರಿ. ಬಾಯಿಲೆ ಅಂದಿದ್ರ ಸುಳ್ಳು. ನನ್ನ ಹಂತೇಕನೂ ಐತಿ ಒಂದು ಅಂಥಾದ್ದು.'

ಆಕಿ ಹೇಳಿದ್ದನ್ನ ಹೇಳ್ತೀನಿ. ಹಿಂದಕ ಆಕಿ ನಮ್ಮ ಕಾರ್ಖಾನಿ ಸಾಲ್ಯಾಗ ಗುತ್ತಿಗಿ ಮ್ಯಾಲ ಕಸಾ ಹೊಡೀತಿದ್ದಳಂತ. ಮಗಳು ಲಕ್ಷ್ಮಿಗೆ ಆಗ ಆರು ವರ್ಷ. ಅವ್ವ ಕಸಾ ಹೊಡಿಯೂತನಕ ಆ ಹುಡುಗಿ ಒಂದನೇ ಇಯತ್ತೆ ಕಿಟಕಿ ಹೊರಗ ನಿಂತು, ಒಳಗಿನ ಹುಡುಗ್ರು ಹೇಳಿದ್ದನ್ನೆಲ್ಲಾ ಹೇಳ್ತಿತ್ತಂತ. ಅದನ್ನ ನೋಡಿ ಗೇಟಿನವನ ಕಡಿಂದ ಒಂದು ಅರ್ಜಿ ಬರೆಸಿ ಕೊಟ್ಟಳು: ನನ್ನ ಮಗಳನ್ನ ಒಳಗ ಕುಂದರಸ್ರಿ. ಕಾರ್ಖಾನಿಯಿಂದ ಉತ್ತರ ಬಂತು. ಇಂಗ್ಲಿಷು, ದುಂಡ ಶಿಕ್ಕಾ, ಸಾಹೇಬ್ರ ಸಹಿ. 'ನೋಡಾಕತ್ತಾರಂತ' ಅಂತ ಗೇಟಿನವ ಓದಿ ಹೇಳಿದ. ಯಲ್ಲವ್ವ ಅದನ್ನ ಹಾಳಾಗಬಾರದು ಅಂತ ಪ್ಲಾಸ್ಟಿಕ್ ಹೊದಿಸಿ ದೇವರ ಫೋಟೋದ ಹಿಂದ ಇಟ್ಟಳು.

'ಮತ್ತ ಸರಕಾರಿ ಸಾಲಿಗೆ ಯಾಕ ಹಚ್ಚಲಿಲ್ಲ ಹುಡುಗಿನ್ನ?' ಅಂದೆ.

'ಹೆಂಗ ಹಚ್ಚೋದ್ರಿ? ಅಲ್ಲಿ ಹೆಸರು ಹಚ್ಚಿದ್ರ ಇಲ್ಲಿ ಸೀಟು ಹೋಗ್ತೈತೇನೋ ಅಂತ ಅಂಜಿದೆ. ಅಷ್ಟು ದೊಡ್ಡ ಮಂದಿ ನೋಡಾಕತ್ತೀವಿ ಅಂತ ಬರದು ಕೊಟ್ಟಾರ, ನಾವು ಗಡಬಡ ಮಾಡಿದ್ರ ಸಿಟ್ಟಾಗಂಗಿಲ್ಲೇನ್ರಿ? ಒಂದು ವರ್ಷ ತಡದೆ. ಇನ್ನೊಂದು ವರ್ಷ ತಡದೆ. ಅಷ್ಟರಾಗ ಮಗಾ ಹುಟ್ಟಿದ, ಅವನ್ನ ಆಡಸಾಕ ಮನ್ಯಾಗ ಯಾರರ ಬೇಕಾತು. ಲಕ್ಷ್ಮಿ ಉಳದ್ಲು.'

ಲಕ್ಷ್ಮಿ ಈಗ ಇಲ್ಲೇ ನಾಚಾರಂದಾಗ ಒಂದು ಫ್ಯಾಕ್ಟರಿಯೊಳಗ ಗುಳಗಿ ಡಬ್ಬಿ ಪ್ಯಾಕ್ ಮಾಡ್ತಾಳ. ಡಬ್ಬಿ ಮ್ಯಾಲೇನು ಬರದೈತಿ ಅಂತ ಆಕಿಗೆ ಓದಾಕ ಬರಂಗಿಲ್ಲ, ಬಣ್ಣ ನೋಡಿ ಬ್ಯಾರೆ ಮಾಡ್ತಾಳಂತ. ಆಕೀ ಮಗಳು ಭೂಮಿಕಾಗೂ ಈಗ ಆರು ವರ್ಷ. ಅದೇ ಕಾರ್ಖಾನಿ ಸಾಲ್ಯಾಗ ಈಗ ಹೊರಗಿನ ಮಕ್ಕಳಿಗೂ ಒಂದಿಷ್ಟು ಸೀಟು ಕೊಡಾಕತ್ತಾರ ಅನ್ನೋ ಸುದ್ದಿ ಆಕಿಗೆ ಹತ್ತೈತಿ.

'ಅದಕ್ಕ ಅಕ್ಕಾರ, ಆ ಕಾಗದ ತಗೊಂಡು ಹೋಗಲೇನ್ರಿ? ಆವಾಗಿಂದ ನೋಡಾಕತ್ತಾರ. ಈಗರ ನೋಡಿ ಮುಗಿದಿರಬೇಕಲ್ರಿ?'

ಆಕಿ ಚೇಷ್ಟಿ ಮಾಡಲಿಲ್ಲ. ಖರೇನೇ ಕೇಳಿದಳು.

ಮಧ್ಯಾಹ್ನ ಹಾಳಿ ತಂದು ಕೊಟ್ಟಳು. ಕುಂಕುಮದ ಬಟ್ಟಿನ ಗುರುತು ಪ್ಲಾಸ್ಟಿಕ್ ಮ್ಯಾಲ ಹಂಗೇ ಇತ್ತು. ಎರಡು ಸಾಲು ಓದಾಕ ನನಗ ಕನ್ನಡಕಾ ಬೇಕಾಗಲಿಲ್ಲ. ಆಫೀಸಿನ್ಯಾಗ ಒಂದು ಪದ್ಧತಿ ಐತಿ: ಪತ್ರದ ಕೆಳಗ ಎಡಗಡೆ ಮೂಲ್ಯಾಗ, ಟೈಪ್ ಮಾಡಿದವರು ತಮ್ಮ ಹೆಸರಿನ ಮೊದಲಿನ ಅಕ್ಷರ ಸಣ್ಣಗ ಹಾಕ್ತಾರ. ಮುಂದ ತಪ್ಪು ಸಿಕ್ರ ಯಾರನ್ನ ಹಿಡೀಬೇಕು ಅಂತ ಗೊತ್ತಾಗಲಿ ಅಂತ. ಅಲ್ಲಿ ಸಣ್ಣಗ ಜಿ, ಬಿ ಇದ್ವು. ಗಂಗಾ ಬಿರಾದಾರ. ನಮ್ಮ ಸೆಕ್ಷನ್ನಿನ್ಯಾಗ ಇನ್ನೊಬ್ಬ ಜಿಬಿ ಇರಲೇ ಇಲ್ಲ.

ನನ್ನ ನಾಲಿಗಿ ಎಷ್ಟು ಪಳಗಿತ್ತು ನೋಡ್ರಿ. ಅಷ್ಟಾದ್ರೂ 'ನೋಡೂಣಂತ ಯಲ್ಲವ್ವ' ಅನ್ನೋ ಮಾತು ಹಲ್ಲಿನತನಕ ಬಂದಿತ್ತು. ನುಂಗಿದೆ. 'ನಾಳೆ ಒಂಬತ್ತಕ್ಕ ತಯಾರಾಗು. ಹುಡುಗಿನ್ನೂ ಆಕೀ ಹುಟ್ಟಿದ ಸರ್ಟಿಫಿಕೇಟೂ ತಗೊಂಡು ಬಾ' ಅಂದೆ. ಜಿಬಿ ಯಾರು ಅಂತ ಹೇಳಲಿಲ್ಲ. ಹೇಳೋ ಧೈರ್ಯ ಇರಲಿಲ್ಲ, ಸುಳ್ಳ್ಯಾಕ ಹೇಳಲಿ.

ಸಾಲಿ ಆಫೀಸಿನ್ಯಾಗ ಒಬ್ಬ ಕ್ಲಾರ್ಕ್ ಕುಂತಿದ್ದ. ಯಲ್ಲವ್ವ ಎಲ್ಲಕ್ಕಿಂತ ಮೊದಲು ಆ ಪ್ಲಾಸ್ಟಿಕ್ ಹಾಳೀನೇ ನನ್ನ ಕಡಿಂದ ಇಸಕೊಂಡು ಎರಡೂ ಕೈಲೆ ಮುಂದ ಹಿಡದಳು. ಅಂವ ಓದಿದ, ಹಿಂದ ತಿರುವಿ ನೋಡಿದ, ನಕ್ಕ. 'ಇಂದುಲೋ ಏಮೀ ಲೇದಮ್ಮಾ' ಅಂದ. ಇದರಾಗ ಏನೂ ಇಲ್ಲ ಅಂತ. ಯಲ್ಲವ್ವಗ ತೆಲುಗು ನನಗಿಂತ ಛಲೋ ತಿಳೀತೈತಿ. ಹಾಳಿ ವಾಪಸ್ ತಗೊಂಡು ಚೀಲದಾಗ ಇಟ್ಟಳು. ಇಪ್ಪತ್ತೆರಡು ವರ್ಷ ದೇವರ ಹಿಂದಿದ್ದದ್ದು ಹಿಟ್ಟಿನ ಚೀಲಕ್ಕ ಹೋತು.

ನಾ ಭೂಮಿಕಾನ ಅರ್ಜಿ ಮುಂದ ಇಟ್ಟೆ. ಅಂವ ತಲೀ ಎತ್ತಲಾರದ ಅಂದ, 'ಇಟ್ಟು ಹೋಗಿ ಮೇಡಂ, ವಿ ವಿಲ್ ಲುಕ್ ಇಂಟು ಇಟ್.'

ಅಂವ ಕುಂತಿದ್ದ ಠೀವಿ, ಆ ತಗ್ಗಿದ ತಲಿ, ಎಲ್ಲಾ ನನಗ ಗುರುತಿಂದು. ಸಿಟ್ಟು ಅವನ ಮ್ಯಾಲ ಬಂತೋ ನನ್ನ ಮ್ಯಾಲ ಬಂತೋ, ಅಂತೂ ಬಂತು. ಕುರ್ಚಿ ಎಳಕೊಂಡು ಅವನ ಎದುರಿಗೆ ಕುಂತೆ. 'ಛಲೋ ಆತು, ನೋಡಪಾ,' ಅಂತ ಹಿಂದಿಯೊಳಗ ಅಂದೆ, 'ನೀ ನೋಡೋದನ್ನ ನಾ ನೋಡ್ತೀನಿ.'

'ಮೇಡಂ, ಟೈಮ್ ಲಗತಾ ಹೈ.'

'ಹತ್ತಲಿ. ನಂದು ರಿಟೈರ್ ಆಗೈತಿ.'

ಹತ್ತು ಹೊಡೀತು, ಹನ್ನೊಂದು ಹೊಡೀತು. ಅಂವ ಚಹಾ ಕುಡದ, ನಾ ನೋಡಿದೆ. ಫೋನ್ ತಿಕ್ಕಿದ, ನೋಡಿದೆ. ಎದ್ದು ಹೊರಗ ಹೋದ, ಕುರ್ಚಿ ತಿರುಗಿಸಿಕೊಂಡು ಅಲ್ಲೀತನಕ ನೋಡಿದೆ. ಭೂಮಿಕಾ ಗೋಡಿ ಮ್ಯಾಲಿನ ಅಕ್ಷರದ ತಕ್ತೆ ಎಲ್ಲಾ ಓದಿ ಮುಗಿಸಿ ಮತ್ತ ಮೊದಲಿಂದ ಶುರು ಮಾಡ್ತು. ಹನ್ನೆರಡಕ್ಕ ಅಂವ ಸೋತು ರಿಜಿಸ್ಟರ್ ತಗದ, ಹೆಸರು ಬರಕೊಂಡ, ನಂಬರ್ ಹಾಕಿ ಶಿಕ್ಕಾ ಹೊಡದು ರಸೀದಿ ಕೊಟ್ಟ. ರಿಜಿಸ್ಟರಿನ್ಯಾಗ ಹೆಸರು ಸರಿ ಬರದಾನೋ ಇಲ್ಲೋ ಅಂತ ನಾ ಬಗ್ಗಿ ಓದಿದೆ. ಬರೇ ಮೂರು ನಿಮಿಷದ ಕೆಲಸರಿ ಅದು.

ಮುಂದಿನ ಬುಧವಾರ ಬೋರ್ಡಿಗೆ ಪಟ್ಟಿ ಹಚ್ಚಿದ್ರು. ಭೂಮಿಕಾನ ಹೆಸರು ಇತ್ತು.

ಅವತ್ತು ಸಂಜೀಕ ಲಕ್ಷ್ಮಿ ಪಾಳಿ ಮುಗಿಸಿಕೊಂಡು, ಮಗಳ ಕೈ ಹಿಡಕೊಂಡು, ಪೇಢೆ ಪೊಟ್ಟಣ ತಗೊಂಡು ನಮ್ಮ ಮನೀಗೆ ಬಂದಳು. ಆಕಿನ್ನ ನಾ ನೋಡಿದ್ದು ಅದೇ ಮೊದಲು. ಕುಂದರು ಅಂದ್ರ ಕುಂದರಲಿಲ್ಲ. ಪೇಢೆ ಕೊಟ್ಟು, ಚೀಲದಿಂದ ಆ ಪ್ಲಾಸ್ಟಿಕ್ ಹಾಳಿ ತಗದು ಟೇಬಲ್ ಮ್ಯಾಲ ಇಟ್ಟಳು.

'ಅಮ್ಮಾರ, ಸಣ್ಣಾಕಿದ್ದಾಗಿಂದ ಇದನ್ನ ದಿನಾ ಕೈ ಮುಗದೀನಿ. ಅವ್ವ ನಿನ್ನ ಹೆಸರಿಂದು, ನಿನ್ನ ಸಾಲೀದು ಅಂತಿದ್ದಳು. ನನಗ ಓದಾಕ ಬರಂಗಿಲ್ಲ. ಇದರಾಗ ನನ್ನ ಹೆಸರು ಎಲ್ಲೈತಿ, ಒಂದೀಟು ಬಟ್ಟಿಟ್ಟು ತೋರಸ್ರಿ.'

ಭೂಮಿಕಾನೂ ತುದಿಗಾಲ ಮ್ಯಾಲ ನಿಂತು ಹಣಿಕಿ ಹಾಕಿತು. ನನ್ನ ಬಟ್ಟು ಎರಡೂ ಸಾಲಿನ ಮ್ಯಾಲ ಮೊದಲಿಂದ ಕಡೀತನಕ ಹೋತು. ಎಲ್ಲೂ ನಿಂದ್ರಾಕ ಜಾಗಾ ಇರಲಿಲ್ಲ. ಆ ಜಾಗಾ ತಗದು ಹಾಕಿದಾಕಿ ನಾನೇ, ಅದಕ್ಕ ಶಾಬಾಸ್ ಇಸಕೊಂಡಾಕಿನೂ ನಾನೇ.

'ನಿನ್ನ ಹೆಸರು ಇಲ್ಲ ತಂಗಿ,' ಅಂದೆ.

'ಮತ್ತ ಯಾರ್ದೈತ್ರಿ?'

ನನ್ನ ಬಟ್ಟು ಎಡಗಡೆ ಮೂಲಿಗೆ ಬಂದು ನಿಂತಿತು. 'ಇದು ನಂದು. ಇದನ್ನ ಬರದಾಕಿ ನಾನು. ನಿಮ್ಮವ್ವನ ಅರ್ಜಿ ನಾ ಓದೇ ಇರಲಿಲ್ಲ. ಯಾರೂ ನೋಡಿರಲಿಲ್ಲವ್ವಾ.'

ಲಕ್ಷ್ಮಿ ಆ ಎರಡು ಸಣ್ಣ ಅಕ್ಷರ ಭಾಳ ಹೊತ್ತು ನೋಡಿದಳು. ಬೈತಾಳ ಅಂತ ನಾ ಕಾದೆ, ಬೈದಿದ್ರ ಛಲೋ ಆಗ್ತಿತ್ತು. ಆಕಿ ಮಗಳ ತಲೀ ಮ್ಯಾಲಿನ ರಿಬ್ಬನ್ ಸರಿ ಮಾಡಿದಳು. 'ನಡಿ, ಸಾಲಿ ಅಂಗಿ ಹೊಲಿಯಾಕ ಹಾಕಬೇಕು' ಅಂದು ಬಾಗಿಲತನಕ ಹೋದಳು.

'ಲಕ್ಷ್ಮಿ, ನಿನ್ನ ಕಾಗದ' ಅಂದೆ.

'ಇಟಗೋರ್ರಿ ಅಮ್ಮಾರ,' ಅಂದಳು. 'ಹೆಸರಿದ್ದವರ ಹಂತೇಕೇ ಇರ್ಲಿ.'